ಅಂದ್ರ

ರಾತ್ರಿ ಎರಡೂವರಿ.
ಫೀಮೇಲ್ ವಾರ್ಡಿನ ತುದಿಗೆ, ಚಾದರ ಇಡೋ ಖೋಲಿಯೊಳಗ
ಡೆಟಾಲಿನ ವಾಸನಿ, ಒಂದ ಸ್ಟೂಲು,
ನನ್ನ ಫೋನಿನೊಳಗ ಹ್ಯಾರಿಸ್ ಸಾಹೇಬ.
ವಯಸ್ಸು ಐವತ್ತೆಂಟು. ಎದಿನೋವು. ಮೊದಲ ಪೋಸ್ಟ್‌ಮನ್ ಇದ್ದಾಂವ.
ಗದಗಿನ ಯಾವ ಓಣಿಯೊಳಗೂ ಅಂವ ಇಲ್ಲ,
ಜಗತ್ತಿನ ಯಾವ ಊರಾಗೂ ಇಲ್ಲ, ಗೊತ್ತೈತಿ ನನಗ.
ಆದ್ರೂ ನರಳತಾನ,
ಅಗದೀ ಸ್ವಚ್ಛ ಇಂಗ್ಲಿಷಿನಾಗ ನರಳತಾನ.

ಹುಬ್ಬಳ್ಳಿ ಕೋಚಿಂಗಿನವರು ಮೂವತ್ತೆರಡು ಸಾವಿರ ಕೇಳಿದ್ರು.
ಇದಕ್ಕ ಬರೇ ಡೇಟಾ ಸಾಕು.
ಪೇಶಂಟ್ ಆಗು ಅಂದ್ರ ಪೇಶಂಟ್ ಆಗತೈತಿ,
ಪರೀಕ್ಷಾ ಮಾಡಾಂವ ಆಗು ಅಂದ್ರ ಅದೂ ಆಗತೈತಿ.
ಬೈಯಂಗಿಲ್ಲ, ನಗಂಗಿಲ್ಲ.
ನನ್ನ ವಾಮಿಟ್ ಅನ್ನೋ ಶಬ್ದ ಕೇಳಿ
ಮ್ಯಾಲಿನ ಹಲ್ಲು ಕೆಳಗಿನ ತುಟಿಗೆ ತಾಗಿಸ್ರಿ ಅಂತೈತಿ,
ಇನ್ನೊಮ್ಮೆ ಅಂತೈತಿ.
ತಾಗಸತೀನಿ. ಔಷಧ ಕಪಾಟಿನ ಗಾಜಿನಾಗ
ಮೊಲದಂಗ ಹಲ್ಲು ಮಾಡಿ ಕೂತಾಳ ನೋಡ್ರಿ
ಹನ್ನೆರಡು ವರ್ಷ ಸರ್ವಿಸಿನ ಸಿಸ್ಟರ್ ಪ್ರಮೋದಿನಿ.
ಇಯರ್‌ಫೋನ್ ಕೆಟ್ಟೈತಿ. ಅದಕ್ಕ ಸ್ಪೀಕರ್ ಹಾಕಿ,
ಆವಾಜು ಸಣ್ಣ ಮಾಡಿ.
ಪಾಸಾದರ ಐರ್ಲೆಂಡು,
ಇಲ್ಲಾಂದ್ರ ಇದ ಖೋಲಿ, ಇದ ಸ್ಟೂಲು.

ನಂದೊಂದು ಚಾಳಿ ಐತಿ,
ಮಾತು ಮುಗ್ಗರಿಸಿದಲ್ಲೆಲ್ಲ ಅಂದ್ರ ಅಂತೀನಿ.
ಯುವರ್ ಪೇನ್... ಅಂದ್ರ... ಈಸ್ ಇಟ್... ಅಂದ್ರ...
ಮಷೀನು ಒಂದ ಗಳಿಗಿ ಸುಮ್ಮನಾಗಿ ಕೇಳಿತು:
ಆಂಡ್ರಾ ಯಾರು? ನಿಮ್ಮ ಜೋಡಿ ಇರೋ ನರ್ಸ್ ಏನು?

ಚಾದರದಾಗ ಮಾರಿ ಮುಚ್ಚಿ ನಕ್ಕೆ.
ಅದನ್ನೂ ಬರಕೊಂಡಿತ್ತು: ಸದ್ದು, ಅಸ್ಪಷ್ಟ.

ಆವತ್ತಿಂದ ಆಂಡ್ರಾ ದಿನಾ ಬರತಾಳ.
ವಾಕ್ಯ ಮುರಿದಲ್ಲಿ ಕೈ ಹಿಡೀತಾಳ,
ನೆನಪಾಗದ ಶಬ್ದದ ಬಾಗಲಾಗ
ಸ್ವಲ್ಪ ಹೊತ್ತು ನಿಂದರತಾಳ,
ಬೆಟಗೇರಿಯಾಗ ನಮ್ಮತ್ತಿ ಕಡದ ಎಳಿಗೆ ಗಂಟ ಹಾಕಲಿಕ್ಕೆ
ಮಗ್ಗ ನಿಲ್ಲಸತಿದ್ದಳಲ್ಲ, ಹಂಗ.
ಅಕಿನ್ನ ಕಡಿಮಿ ಮಾಡ್ರಿ ಅಂತೈತಿ ರಿಪೋರ್ಟು.
ನಿನ್ನೆ ಹದಿನೇಳು ಸಲ. ಇವತ್ತು ಹನ್ನೊಂದು.
ಪರೀಕ್ಷಾ ದಿನಾ ಸೊನ್ನಿ ಆಗಬೇಕಂತ.

ಸಮಾಧಾನ ಹೇಳೋದಕ್ಕೂ ಮಾರ್ಕು ಅದಾವು.
ನನಗ ಹತ್ತಕ್ಕ ನಾಕು.
ಅಂಜಿಕಿ ಆಗತೈತಿ ಸಿಸ್ಟರ್, ಅಂತಾನ ಹ್ಯಾರಿಸ್,
ನನ್ನ ಬಾಯಿಗಿಂತ ಮೊದಲ ಕೈ ಮುಂದ ಹೋಗತೈತಿ.
ಅಂಜಿದವರ ಹಣಿ ಮ್ಯಾಲ ಕೈ ಇಡೋದು,
ಹನ್ನೆರಡು ವರ್ಷದಾಗ ನಾ ಖರೇ ಕಲತದ್ದು ಇಷ್ಟ.
ಫೋನಿಗೆ ಹಣಿ ಇಲ್ಲ.
ಕೈ ಗಾಳಿಯೊಳಗ ನಿಂದರತೈತಿ,
ಮೂರು ಸೆಕೆಂಡ್ ಮೌನ ಅಂತ
ಕೆಂಪಕ್ಷರ ಬೀಳತಾವು.

ನಾಕಕ್ಕ ಗೂಡ್ಸ್ ಗಾಡಿ ಹೊಂಟತು,
ವಾರ್ಡಿನ ಸಲೈನ್ ಸ್ಟ್ಯಾಂಡೆಲ್ಲ ಗಿಲಕಿಯಂಗ ಅಲುಗಿದ್ವು.
ಬಿ.ಪಿ. ನೋಡಲಿಕ್ಕೆ ಹೋದರ
ಹದಿನಾಕನೇ ಬೆಡ್ಡಿನಾಗ ಮುಳಗುಂದದ ಫಕೀರವ್ವ
ಕಣ್ಣ ತಕ್ಕೊಂಡ ಮಲಗ್ಯಾಳ.
ಯಾಕಬೇ ಆಯಿ, ನಿದ್ದಿ ಬರಲಿಲ್ಲೇನು?
ಅಕಿ ಸಣ್ಣ ದನಿಯಾಗ ಕೇಳಿದಳು:
‘ಎಂಟ ದಿನಾ ಆತು, ಆ ಖೋಲ್ಯಾಗ ಒಬ್ಬಾಂವ ನರಳತಾನಲ್ಲ,
ಹರೀಶ ಅಂತಿ ನೀ.
ಅವನ ಮಾತ ತಿಳಿಯಂಗಿಲ್ಲವ್ವ ನನಗ, ನೋವ ತಿಳೀತೈತಿ.
ಇವತ್ತರ ಸ್ವಲ್ಪ ಕಡಿಮಿ ಆತೇನು ಅವಗ?’

ರಟ್ಟಿಗೆ ಪಟ್ಟಿ ಸುತ್ತತಾ ಏನ್ ಹೇಳಲಿ,
ಅಂವ ಇಲ್ಲ ಅನ್ನಲ್ಯಾ?
ದಿನಾ ರಾತ್ರಿ ನಾನ ಅವನ ನೋವು ಸುರು ಮಾಡತೀನಿ,
ಅವಗ ಗುಣ ಆಗೋದು ನನಗ ಬೇಕಾಗಿಲ್ಲ ಅನ್ನಲ್ಯಾ?
ಕೈ ತನ್ನಷ್ಟಕ್ಕ ತಾನ ಹೋಗಿ ಅಕಿ ಹಣಿ ಮುಟ್ಟಿತು.
‘ಅಂದ್ರ...’ ಅಂದೆ.
‘ಹೂಂ’ ಅಂದಳು ಫಕೀರವ್ವ, ಪೂರಾ ತಿಳದವರಂಗ,
ಮಗ್ಗಲಾದಳು.

ಪಟ್ಟಿಯ ಗಾಳಿ ಬಿಟ್ಟೆ.
ನೂರಾ ಮೂವತ್ತು, ಎಂಬತ್ತನಾಕು.
ಬರಕೊಂಡೆ.