ಕುರ್ಚಿ ಲೆಕ್ಕ

ಮೊದಲ ಸಲ ಬಂದಾಂವ ಯೇಸುರತ್ನಂ,
ರೈಲ್ವೆ ವರ್ಕ್‌ಶಾಪಿನ ಫಿಟ್ಟರ್, ಗುಂಟೂರ ಕಡೆಯಾಂವ.
ಕಿಸೆಯೊಳಗ ಮೂರು ಬಣ್ಣದ ಪೆನ್ನು, ಉಗುರಿನೊಳಗ ಗ್ರೀಸು.
"ಸಾಬರ, ಐತವಾರಕ್ಕ ಹನ್ನೆರಡು ಕುರ್ಚಿ ಬೇಕು."
ಮದುವಿಯೋ ಮೌತೋ ಅಂತ ಕೇಳಿದೆ.
ಎರಡೂ ಅಲ್ಲ, ಪ್ರಾರ್ಥನಾ ಅಂದ.

ಹನ್ನೆರಡಕ್ಕ ನಾ ಎಂದೂ ಗಾಡಿ ಕಳಿಸಿದಾಂವಲ್ಲ.
ಸೈಕಲ್ಲಿಗೆ ನಾಕು ನಾಕು ಕಟ್ಟಿ ಮೂರು ಸಲ ಅಡ್ಡಾಡಿದ,
ಕೇಶ್ವಾಪುರ ದಾಟಿ ಕುಸುಗಲ್ ರಸ್ತೆಯ ಹೊಸ ಪ್ಲಾಟುಗಳ ತನಕಾ.
ಆಗ ಅಲ್ಲಿ ಮನಿಗಿಂತ ಗಡಿಕಲ್ಲು ಹೆಚ್ಚು.
ಯಾರ ಹೆಸರಿಲೆ ಬರೀಲಿ?
"ಲೂಥರನ್ ಸಭೆ."
ನನ್ನ ಕೈಗೆ ಅದು ಬಗ್ಗಲಿಲ್ಲ. ಖಾತೆಯೊಳಗ ಬರಕೊಂಡೆ:
ಲೂತ್ರ ಮಂದಿ. ಹನ್ನೆರಡು. ಮೂರು ರೂಪಾಯಿ.

ಅದರಾಗ ಐದು ಖಾಲಿ ಉಳದಿದ್ದುವಂತ.
ಒಂದರ ಮ್ಯಾಲೆ ಬೈಬಲ್ಲು, ಒಂದರ ಮ್ಯಾಲೆ ನಿದ್ದಿ ಹತ್ತಿದ ಕೂಸು.
ಅವನ ಹೇಂತಿ ಕರುಣಮ್ಮ ಆಮ್ಯಾಲೆ ಹೇಳಿದ್ದು.

ದೀಪಾವಳಿ ಹೊತ್ತಿಗೆ ಹದಿನೆಂಟು.
ಬೆಟಗೇರಿ ನೇಕಾರ ಮನೆತನದ ತಿಮೊಥಿ ಹಾದಿಮನಿ
ಪೋಸ್ಟ್ ಆಫೀಸಿಗೆ ವರ್ಗಾ ಆಗಿ ಬಂದ,
ಅಜ್ಜನ ಕಾಲದ ಪದದ ಪುಸ್ತಕ ಟ್ರಂಕಿನ್ಯಾಗ ಇಟಗೊಂಡು.
ಅವರು ತೆಲುಗಿನ್ಯಾಗ ಹಾಡೂದು, ಅಂವ ಕನ್ನಡದಾಗ.
ಧಾಟಿ ಮಾತ್ರ ಎರಡಕ್ಕೂ ಒಂದ, ಜರ್ಮನಿಯಿಂದ ಬಂದದ್ದಂತ.
ಕುರ್ಚಿ ತರಾಕ ಹೋದಾಗ ಬಾಗಲ್ದಾಗ ನಿಂತು ಕೇಳೀನಿ.

ಕ್ರಿಸ್ಮಸ್ಸಿಗೆ ನಾಲ್ವತ್ತು.
ಜೂನಿಗೆ ಮತ್ತ ಹದಿನೇಳು.
ಬಾಡಿಗಿ ಅಂಗಡ್ಯಾಂವ ಯಾಕಂತ ಕೇಳಬಾರದು,
ಆದ್ರ ಎಣಿಸಾಂವಗ ಗೊತ್ತಾಕ್ಕೈತಿ.
ಯಾವ ಭಾಷಾದಾಗ ಪ್ರಸಂಗ ಅನ್ನೂದಕ್ಕ ಮಾತಿಗೆ ಮಾತು ಬೆಳದಿತ್ತು.
ಕರುಣಮ್ಮ ಮಳಿಯೊಳಗ ಮನಿ ಮನಿ ತಿರಗಿದಳು,
ಎರಿಮಣ್ಣು ಹತ್ತಿ ಒಂದೊಂದು ಚಪ್ಪಲಿ ಒಂದೊಂದು ಸೇರು.
ಯಾರಿಗೂ ಬುದ್ಧಿ ಹೇಳಲಿಲ್ಲಂತ.
ಗೋಂಗೂರ ಉಪ್ಪಿನಕಾಯಿ ಕೊಟ್ಟಳು, ಡಬ್ಬಿ ಐತವಾರ ತಂದು ಕೊಡ್ರಿ ಅಂದಳು.
ಆಗಸ್ಟಿನ್ಯಾಗ ಮೂವತ್ತೊಂದು.

ಜಾಗಾ ಸಿಕ್ತು. ಬುನಾದಿ ನಿಲ್ಲವಲ್ದು.
ಎರಿಭೂಮಿ ಕಲ್ಲು ನುಂಗತೈತಿ, ನೀರೂ ಕುಡೀದ.
ಪಾಳಿ ಮುಗಿಸಿ ಬಂದ ಗಂಡಸರು ಅಗದ್ರು,
ಹೆಂಗಸರು ಬುಟ್ಟೀಲೆ ಗರಸು ಹೊತ್ರು,
ಮತ್ತ ಕುಸೀತು, ಮತ್ತ ಹೊತ್ರು.
ಗಂಟಿಗೆ ರೊಕ್ಕ ಇರಲಿಲ್ಲ.
ಗುಜರಿ ಹಳಿಯ ತುಂಡು ಬೇವಿನ ಗಿಡಕ್ಕ ಕಟ್ಟಿ
ಯೇಸುರತ್ನಂ ಪಾನಾದಿಂದ ಬಾರಿಸಿದ.
ಅಡ್ಡ ಓಣಿ ಮುದುಕಿ ರೈಲು ಬಂತೇನಂತ ಹೊರಗ ಬಂದಳು.

ಗ್ವಾಡಿ ಎದಿಮಟ ಬಂದಾಗ ಅವಂಗ ಗುಂತಕಲ್ಲಿಗೆ ವರ್ಗಾ.
ಬೀಳ್ಕೊಡೂ ದಿನ ಐವತ್ತು ಕುರ್ಚಿ.
ಛತ್ತು ಇಲ್ಲದ ಗ್ವಾಡಿ ನಡುವ ಕೂತು ಚಾ ಕುಡದ್ರು.
ಆ ಪುಟದಾಗ ರೊಕ್ಕದ ಕಾಲಂ ಖಾಲಿ ಬಿಟ್ಟೀನಿ.
ಯಾಕೋ ಬರೀಬೇಕು ಅನಸಲಿಲ್ಲ.

ಆಮ್ಯಾಲೆ ಬೆಂಚು ಬಂದುವು,
ಕಮರಿಪೇಟಿ ಬಡಿಗ್ಯಾನ ಕೈದು.
ನನ್ನ ಗಿರಾಕಿ ತೀರಿತು.
ಉದ್ಘಾಟನಾಕ್ಕಷ್ಟ ಎರಡನೂರು, ಟೆಂಪೋ ಎರಡು ಟ್ರಿಪ್ಪು.
ಹೊಳ್ಳಿ ಬಂದದ್ದು ನೂರಾ ತೊಂಬತ್ತೊಂಬತ್ತು.

ಮೊನ್ನೆ ಒಂದು ಮುಂಜಿ ಕಾರ್ಯದ ಶಾಮಿಯಾನಾ ಕಟ್ಟಾಕ ಆ ಕಡೆ ಹೋಗಿದ್ದೆ.
ಗಡಿಕಲ್ಲು ಹುಡುಕಿದ್ರೂ ಈಗ ಸಿಗೂದಿಲ್ಲ.
ಗುಡಿಯ ಬಾಗಲಾ ತೆರದಿತ್ತು.
ಹಿಂದಿನ ಮೂಲ್ಯಾಗ ನನ್ನ ಮಡಚು ಕುರ್ಚಿ,
ಬೆನ್ನಿಗೆ ಹಸರು ಬಣ್ಣದಾಗ ಮ. ಸಾ.
ತಿಮೊಥಿ ತಲಿ ಪೂರಾ ಬೆಳ್ಳಗಾಗೇತಿ.
"ತಡಾ ಮಾಡಿ ಬಂದವರಿಗಿ ಅದು," ಅಂದ,
"ಬೆಂಚಿನ್ಯಾಗ ನುಗ್ಗಾಕ ನಾಚಗೊಳ್ಳೋರಿಗಿ.
ಒಯ್ತೀರೇನ್ರಿ?"

ಕೂತು ನೋಡಿದೆ.
ಒಂದು ಕಾಲು ಗಿಡ್ಡ. ಮದಲೂ ಹಂಗ ಇತ್ತು.

ಖಾತೆಯೊಳಗ ಇನ್ನೂ ಐತಿ: ಲೂತ್ರ ಮಂದಿ, ಬಾಕಿ ಒಂದು.
ಮಗ ಅದನ್ನ ಹೊಡದ ಹಾಕು ಅಂತಾನ.
ಇರಲಿ ಅಂದೀನಿ.