ಐದನೆಯ ನರಿ

ಮುಚ್ಚಿಹೋದ ಎಸ್‌ಟಿಡಿ ಬೂತಿನ ಫೋನು ಬಿಚ್ಚಿದರೆ
ಒಳಗೆ ಹುಣಸೆಬೀಜದಷ್ಟು ಒಂದು ಹರಳು.
ಸೆಕೆಂಡಿಗೆ ಮೂವತ್ತೈದು ಲಕ್ಷ ಚಿಲ್ಲರೆ ಸಲ ನಡುಗುವುದು ಬಿಟ್ಟು
ಬೇರೇನೂ ಬಾರದು ಅದಕ್ಕೆ. ನನಗಷ್ಟು ಸಾಕು.

ಒಂದು ಟ್ರಾನ್ಸಿಸ್ಟರು. ನೂಲಿನ ಖಾಲಿ ರೀಲಿಗೆ
ಎಣಿಸಿ ಸುತ್ತಿದ ತಾಮ್ರ (ಎಣಿಕೆ ತಪ್ಪಿ ಎರಡು ಸಲ ಬಿಚ್ಚಿದ್ದೇನೆ).
ಒಂಬತ್ತು ವೋಲ್ಟಿನ ಚೌಕ ಬ್ಯಾಟರಿ,
ನಾಲಿಗೆಗೆ ತಾಗಿಸಿದಾಗ ಚುರುಕ್ಕೆಂದರೆ ಜೀವ ಉಂಟು.
ಎಲ್ಲವನ್ನೂ ಬುತ್ತಿಡಬ್ಬಿಗೆ ತುಂಬಿ
ಮುಚ್ಚಳಕ್ಕೆ ಸೈಕಲ್ ಟ್ಯೂಬಿನ ಪಟ್ಟಿ. ಇರುವೆ ಹೊಗಬಾರದು.

ಇದಕ್ಕೆ ನಾವು ನರಿ ಅನ್ನುತ್ತೇವೆ,
ಅಡಗಿ ಕೂತು ಕೂಗುತ್ತದಲ್ಲ, ಹಾಗಾಗಿ.
ಒಂದು ನಿಮಿಷ ಕೂಗು, ನಾಲ್ಕು ನಿಮಿಷ ಬಾಯಿಮುಚ್ಚು.
ಕೊನೆಯಲ್ಲಿ ಒಂದು ಚುಕ್ಕಿ ಬಂದರೆ ಮೊದಲನೆಯ ನರಿ,
ಐದು ಚುಕ್ಕಿ ಬಂದರೆ ಐದನೆಯದು.
ಕಂಚಿಕಲ್ಲು ಪದವಿನ ಈ ತುದಿಯಿಂದ ಆ ತುದಿಗೆ ಮುಟ್ಟಿದರೆ ಆಯಿತು,
ಟಾರ್ಚಿನ ಬಲ್ಬೂ ಇದಕ್ಕಿಂತ ಹೆಚ್ಚು ತಿನ್ನುತ್ತದೆ.

ಮಕ್ಕಳಿಗೆ ನಾನು ಆಪರೇಟರಕ್ಕ.
ಬದಿಯಡ್ಕದ ಎಕ್ಸ್‌ಚೇಂಜಿನಲ್ಲಿ ಹೆಡ್‌ಫೋನು ಹೊತ್ತವಳು,
ಕೇಳ್ತದಾ, ಕೇಣುಂಡಾ, ಕೇಳ್ಕುನ್ನುಂಡೋ ಅನ್ನುತ್ತಾ
ಊರಿಗೆಲ್ಲ ಕೇಳಿಸಿ ಕೇಳಿಸಿ
ಕಿವಿ ಸವೆಸಿಕೊಂಡವಳು.

ಅವರಿಗೆ ಹೇಳಿಕೊಡುತ್ತೇನೆ: ಜೋರನ್ನು ನಂಬಬೇಡಿ,
ಅದು ಸುತ್ತಮುತ್ತ ಹರಡಿರುತ್ತದೆ.
ಆಂಟೆನಾ ಮೆಲ್ಲ ತಿರುಗಿಸಿ.
ಸದ್ದು ಸಾಯುವ ಒಂದು ಗೆರೆ ಉಂಟು, ಸೂಜಿಯಷ್ಟು ಸಪೂರ.
ಅಲ್ಲಿ ನಿಲ್ಲಿ. ಆ ಗೆರೆಯ ಮುಂದೆ ನರಿ.
ಅಥವಾ ಬೆನ್ನ ಹಿಂದೆ. ಅದನ್ನು ನಡೆದೇ ತಿಳಿಯಬೇಕು.

ನನಗೆ ಆ ಸೂಜಿ ಈಗ ಗದ್ದೆಯಷ್ಟು ಅಗಲ.
ಯಾರಿಗೂ ಹೇಳಿಲ್ಲ.

ಆದಿತ್ಯವಾರ ಸಂಜೆ ಐದಾಗುವಾಗ ನಾಲ್ಕು ನರಿ ಸಿಕ್ಕಿದ್ದವು.
ಗೇರುಮರದ ಪೊಟರೆಯದು, ಮೋರಿಯ ಕೆಳಗಿನದು,
ಮುಳಿಹುಲ್ಲಿನದು, ಬಸ್‌ಸ್ಟ್ಯಾಂಡಿನ ಮಾಡಿನದು.
ಐದನೆಯದು ಕೂಗುತ್ತಲೇ ಇತ್ತು.
ಜೋಯ್ಸನ್ ಕರೆಂಟು ಲೈನಿನ ಬುಡಕ್ಕೆ ಹೋಗಿ ಬೈಸಿಕೊಂಡು ಬಂದ.
ಅಡಗಿಸಿದವಳು ನಾನೇ. ಬಾಯಿ ಬಿಡುವಂತಿಲ್ಲ, ಅದು ಆಟದ ಮರ್ಯಾದೆ.
ಸುಮ್ಮನೆ ಕಾಲಾಡಿಸುವವಳ ಹಾಗೆ
ಪಾಳುಬಿದ್ದ ಕಲ್ಲುಕೋರೆಗೆ ಇಳಿದು
ಮೂರನೆಯ ಮೆಟ್ಟಿಲಿನ ಸಂದಿಗೆ ಕೈಹಾಕಿದೆ.

ಸಂದಿ ಖಾಲಿ.

ಸಫ್ವಾನ ಮೇಲಿನಿಂದ ಕೂಗಿದಳು:
ಆಪರೇಟರಕ್ಕಾ, ಗೆರೆ ಸರಿಯುತ್ತಾ ಉಂಟು!
ನಾನೂ ಹೆಡ್‌ಫೋನು ಹಾಕಿದೆ, ಗುಂಡಿ ತಿರುಗಿಸಿ
ಸ್ವರವನ್ನು ಕೋಣನ ಗುಟುರಿನಷ್ಟು ತಗ್ಗಿಸಿದೆ, ಸುತ್ತ ತಿರುಗಿದೆ.
ಪಡುವಣವೆಲ್ಲ ಒಂದೇ ಮೌನ. ತೆಂಕಣವೂ ಅಷ್ಟೇ.
ಅವಳು ನನ್ನ ಮುಖ ನೋಡಿದಳು.
ಏನೂ ಕೇಳದೆ ಹೆಡ್‌ಫೋನಿನ ಒಂದು ಬದಿ ತನ್ನ ಕಿವಿಗೆ ಒತ್ತಿ,
ನನ್ನ ಮೊಣಕೈ ಹಿಡಿದು ತಿರುಗಿಸಿದಳು,
ಬಾವಿಯ ರಾಟೆ ತಿರುಗಿಸುವ ಹಾಗೆ. ಇಲ್ಲಿ, ಅಂದಳು.

ನಾಲ್ಕು ನಿಮಿಷ ಕಾಯುವುದು, ಒಂದು ನಿಮಿಷ ಓಡುವುದು.
ಕೇಪಳದ ಮುಳ್ಳಿಲ್ಲದ ಪೊದೆ, ಆಮೇಲೆ ಮುಳ್ಳೇ ಮುಳ್ಳು,
ಆಮೇಲೆ ಕಲ್ಲಿನಡಿಯ ಬಿಲ, ಬಾಯಲ್ಲಿ ಬಿಳಿ ಎಲುಬು.
ನಾಲ್ಕು ಮೊಳ ವಯರು ಹೊರಗೆ ಬಿದ್ದಿತ್ತು, ಬಾಲದ ಹಾಗೆ.

ಆ ಡಬ್ಬಿಯಲ್ಲಿ ಮೊನ್ನೆಯವರೆಗೆ ಉಪ್ಪು ನಂಗು ಇಟ್ಟಿದ್ದೆ.
ಎರಡು ಸಲ ತೊಳೆದಿದ್ದೆ ನಾನು. ನನ್ನ ಮೂಗಿಗೆ ಸಾಕಾಗಿತ್ತು.

ನರಿಯೇ ನರಿಯನ್ನು ಹೊತ್ತುಕೊಂಡು ಹೋಗಿತ್ತು!
ಜೋಯ್ಸನ್ ನಕ್ಕು ನಕ್ಕು ಹುಲ್ಲಿನ ಮೇಲೆ ಬಿದ್ದ.
ಕಪ್ಪಾಗುತ್ತಾ ಬಂತು. ಒಳಗೆ ಮರಿ ಇರಬಹುದು ಅಂದಳು ಸಫ್ವಾನ,
ಯಾರೂ ಕೈ ಹಾಕಲಿಲ್ಲ. ಬ್ಯಾಟರಿ ಹೇಗೂ ಬೆಳಗ್ಗಿನವರೆಗೆ.

ಮನೆಗೆ ಬಂದು ರಾತ್ರಿ ರಿಸೀವರು ತೆರೆದೆ.
ಐದು ನಿಮಿಷಕ್ಕೊಮ್ಮೆ ಬಂತು, ಐದು ಚುಕ್ಕಿ, ಬರಬರುತ್ತಾ ಸಣ್ಣಗೆ.
ನಿಂತದ್ದು ಅದೋ, ನನ್ನ ಕಿವಿಯೋ, ಗೊತ್ತಿಲ್ಲ.

ಡಬ್ಬಿ ಈಗ ಮೇಜಿನ ಮೇಲಿದೆ.
ಮುಚ್ಚಳದಲ್ಲಿ ನಾಲ್ಕು ಹಲ್ಲಿನ ಗುರುತು, ಮಳೆಗೆ ಸೋರುತ್ತದೆ.
ಬದಲಿಸಬೇಕು. ಬದಲಿಸಿಲ್ಲ.