ಎರಡರಿಂದ ಮೂರಕ್ಕೆ

ಬರ್ಕಾ. ರಾತ್ರಿ ಎರಡೂ ಕಾಲು.
ಕಡಲನ್ನು ಕುಡಿಯುವ ನೀರು ಮಾಡುವ ಕಾರ್ಖಾನೆಯಲ್ಲಿ
ಪರದೆಯ ಒಂದು ಸಾಲು ಅಲುಗದೆ ನಿಂತಿದೆ.
ದಡದ ಪಂಪ್ ಮನೆ ಸುದ್ದಿ ಕಳಿಸುವುದು ಬಿಟ್ಟು
ಗಂಟೆಯಾಯಿತು.

ತಪ್ಪು ನಮ್ಮ ಪೆಟ್ಟಿಗೆಯದೋ, ತಂತಿಯದೋ, ಆಚೆಯವರದೋ?
ಮುರಾದ್ ಬಲೂಶಿ ಗಹ್ವಾ ಬಗ್ಗಿಸುತ್ತ
ತನ್ನ ಮುರುಕು ಹಿಂದಿಯಲ್ಲಿ ಅಂದ:
"ಮೊದಲು ಮನೆಯವರನ್ನು ವಿಚಾರಿಸು,
ಆಮೇಲೆ ನೆರೆಯವರನ್ನು."

ಸರಿ. ನೂರಿಪ್ಪತ್ತೇಳು, ಸೊನ್ನೆ, ಸೊನ್ನೆ, ಒಂದು.
ಲೋಕದ ಯಾವ ಯಂತ್ರವಾದರೂ
ತನ್ನನ್ನು ತಾನು ಕೂಗಿಕೊಳ್ಳುವ ಹೆಸರು ಇದೇ.
ಕೂಗಿದೆ. ಓ ಅಂದಿತು.
ಹೊಸ್ತಿಲು ದಾಟದೆ ಹೋಗಿಬಂದ ಮಾತಿಗೆ
ಒಂದು ಮಿಲಿಸೆಕೆಂಡೂ ಹಿಡಿಯಲಿಲ್ಲ.

ಇನ್ನು ಬಾಗಿಲ ತನಕ.
ಹಳೇ ಕೇಬಲ್ ಸುಲಿದು ತಾಮ್ರದ ಎಳೆಯೊಂದನ್ನು ಎಳೆದೆ,
ನನ್ನ ಮೂಗುತಿಯ ಕಡ್ಡಿಯಷ್ಟೇ ದಪ್ಪ.
ಒಂಬತ್ತು ಪಿನ್ನುಗಳಲ್ಲಿ
ಎರಡರಿಂದ ಮೂರಕ್ಕೆ ಬಗ್ಗಿಸಿ ಸಿಕ್ಕಿಸಿದೆ:
ಬಾಯಿಂದ ಕಿವಿಗೊಂದು ಸೇತುವೆ.
ಹೇಳುವುದೂ ಅದೇ, ಕೇಳುವುದೂ ಅದೇ.

ಪರೀಕ್ಷೆಗೆ ಏನಾದರೂ ಬರೆಯಬೇಕಲ್ಲ.
ರೊಡೆಲ್ ಯಾವಾಗಲೂ ಒಂದು ಎರಡು ಮೂರು ಒತ್ತುತ್ತಾನೆ.
ನನ್ನ ಬೆರಳು ಬರೆದದ್ದು: ಊಟ ಆಯ್ತಾ?
ತಿರುಗಿ ಬಂತು: ಊಟ ಆಯ್ತಾ?
ಸಾವಿರ ಸಲ ಕಳಿಸು ಎಂದು ಹೇಳಿ ಕೈಕಟ್ಟಿ ಕೂತೆ.
ಸಾವಿರವೂ ಬಂದವು.
ದೀರ್ಘ ಕುಗ್ಗಲಿಲ್ಲ, ಒತ್ತು ಉದುರಲಿಲ್ಲ.
ಒಂದೂ ಉತ್ತರವಲ್ಲ.

ಹಸಿರು ಬತ್ತಿ ಕಂಡು ಮುರಾದ್ ನಕ್ಕ:
"ತನ್ನ ಬೆನ್ನು ತಾನೇ ತಟ್ಟಿಕೊಂಡಿತು.
ನಡಿ, ಗಾಡಿ ತೆಗೆ."

ಎಳೆಯನ್ನು ಮುಷ್ಟಿಯಲ್ಲಿ ಹಿಡಿದೇ ಹೋದೆ.
ಪಿಕಪ್ಪಿನ ದೀಪದೆದುರು ಉಪ್ಪಿನ ಮಂಜು,
ಜಾಲರಿಗೆ ಅಂಟಿ ಸತ್ತ ಲೋಳೆಮೀನುಗಳ ವಾಸನೆ.
ಕಂಬದ ಪೆಟ್ಟಿಗೆ ತೆರೆದರೆ
ತಂತಿಯ ತುದಿಗೆಲ್ಲ ಹಸಿರು ಕಿಲುಬು,
ನಡುವೆ ಒಂದು ಹಲ್ಲಿ, ಸಂಸಾರ ಸಮೇತ.
ಮುರಾದ್ ಸಲಾಂ ಹೇಳಿ ಅವನ್ನು ಪಕ್ಕಕ್ಕೆ ಕಳಿಸಿದ.
ನಾನು ಕೆರೆದೆ, ಊದಿದೆ, ತಿರುಪು ಬಿಗಿದೆ.
ಅದೇ ಎಳೆಯನ್ನು ಈ ತುದಿಗೆ ಸಿಕ್ಕಿಸಿ
ರೊಡೆಲ್‌ಗೆ ಫೋನು: ಕಳಿಸು.

ಪರದೆಯ ಮೇಲೆ ಉಳಿದಿದ್ದ ನನ್ನ ಸಾಲನ್ನೇ ಒತ್ತಿದ.
ನಾಲ್ಕು ಕಿಲೋಮೀಟರು ಬಂತು,
ನಾಲ್ಕು ಕಿಲೋಮೀಟರು ಮರಳಿತು.
"ಸಿಕ್ಕಿತು ಮೇಡಂ," ಅಂದ. "ಇದೇನು, ಪಾಸ್‌ವರ್ಡಾ?"

ಎಳೆ ಕಿತ್ತೆ.
ಅದು ಇದ್ದಲ್ಲಿಗೆ ಪಂಪ್ ಮನೆಯ ತಂತಿ ಕೂರಿಸಿದೆ.

ರೊಡೆಲ್ ಓದತೊಡಗಿದ:
ನೀರಿನ ಮಟ್ಟ, ಎರಡು ಮೀಟರು ಮೂವತ್ತೊಂದು.
ಬಿಸಿ, ಮೂವತ್ತೆರಡು.
ಉಪ್ಪು, ಸಾವಿರಕ್ಕೆ ಮೂವತ್ತೊಂಬತ್ತು.

ನಾನು ಕೇಳಿದ್ದಕ್ಕೆ ಇದು ಉತ್ತರವಲ್ಲ, ಗೊತ್ತು.
ಆದರೆ ನಾನು ಬರೆದದ್ದಲ್ಲ ಅದು,
ಒಂದಂಕಿಯೂ ನನ್ನದಲ್ಲ.
ಇನ್ನೊಮ್ಮೆ ಓದು, ಅಂದೆ.

ಅಷ್ಟರಲ್ಲೇ ಮಟ್ಟ
ಒಂದು ಸೆಂಟಿಮೀಟರು ಇಳಿದಿತ್ತು.